ಕುದುರೆಗೆ ಬರೆಯದೆ ಬಿಟ್ಟ ಕಣ್ಣು

ನಮ್ಮವರು ಜಗಳದಲ್ಲಿ ಎಡವಿದ ಭಾನುವಾರವೇ ನನಗೆ ಹೆದರಿಕೆ ಶುರುವಾಯಿತು.

ನಮ್ಮವರು ಅಂದರೆ ನನ್ನ ಗಂಡ ಶಿವಯೋಗಿ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಕಸ್ತೂರಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಾಯಿ ಜೋರು ಎಂದು ಶಾಲೆಯಲ್ಲೂ ಓಣಿಯಲ್ಲೂ ಹೆಸರು ತೆಗೆದುಕೊಂಡವಳು. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಮನೆತನ ನೋಡಿದರು, ಒಪ್ಪಿದರು, ಆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ಹೇಳುವಂಥದ್ದು ಇರುವುದೆಲ್ಲ ನಮ್ಮ ಜಗಳದಲ್ಲಿ. ಮಿಣುಕುಹುಳ ಸ್ಟುಡಿಯೊದ ಕಾರ್ಟೂನ್ ಸಿನಿಮಾಗಳಲ್ಲಿ ಯಾವುದು ಮೇಲು? ಅವರು ಮೊದಲನೆಯದರ ಕಡೆ, ನಾನು ಆರನೆಯದರ ಕಡೆ.

ಮೊದಲನೆಯದು ಕಿನ್ನಾಳದ ಕಟ್ಟಿಗೆಯ ಆಟಿಕೆ ಕುದುರೆಯ ಕಥೆ. ಬಣ್ಣ ಹಚ್ಚುವವನು ಒಂದು ಕಣ್ಣು ಬರೆಯುವುದನ್ನು ಮರೆತುಬಿಟ್ಟಿರುತ್ತಾನೆ. ಆ ಕಣ್ಣು ಕೇಳಿಕೊಂಡು ಕುದುರೆ ಅವನನ್ನು ಹುಡುಕುತ್ತ ಊರೂರು ಅಲೆಯುತ್ತದೆ. ಆಗ ಸ್ಟುಡಿಯೊದಲ್ಲಿ ನಾಲ್ಕೈದು ಜನ ಕೈಯಲ್ಲೇ ಚಿತ್ರ ಬರೆಯುತ್ತಿದ್ದರಂತೆ. ಬಣ್ಣ ಮಂಕು, ನಡೆ ನಿಧಾನ, ನೋಡುವವರಿಗೆ ಆಕಳಿಕೆ. ಆರನೆಯದು ಏಳು ಚಂದ್ರರಿರುವ ಊರಿನ ಕಥೆ. ಅಬ್ಬಾ, ಏನು ಬಣ್ಣ, ಏನು ಓಟ! ಹೀಗೆಂದೇ ನಾನು ಹೇಳಿಕೊಂಡು ಬಂದಿದ್ದೆ.

ನಮ್ಮಂಥ ಹುಚ್ಚರ ಒಂದು ಸಂಘವೂ ಇತ್ತು. ಪ್ರತಿ ಭಾನುವಾರ ಸಂಜೆ ದಾವಲ್ ಮಾಮಾನ ಚುರುಮುರಿ-ಗಿರಮಿಟ್ ಅಂಗಡಿಯ ಮೇಲಿನ ಖೋಲಿಯಲ್ಲಿ ಸೇರುತ್ತಿದ್ದೆವು. ಅಲ್ಲಿ ಒಂದು ಪದ್ಧತಿ. ಯಾರೇ ಸಿನಿಮಾದ ಬಗ್ಗೆ ಮಾತೆತ್ತಲಿ, ಉಳಿದವರು ‘ಸಾಕ್ಷಿ! ಸಾಕ್ಷಿ!’ ಎಂದು ಕೂಗಬೇಕು. ಕೂಗಿದ ಕೂಡಲೇ ಆ ದೃಶ್ಯವನ್ನು ಗೋಡೆಯ ಪರದೆಯ ಮೇಲೆ ಹಾಕಿ ತೋರಿಸಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಸಾಕ್ಷಿ ಹಾಕಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಖೋಲಿಯಲ್ಲಿ ಯಾರೂ ಇರಲಿಲ್ಲ.

ಮೊದಮೊದಲು ಖೋಲಿ ಎರಡು ಪಾಲಾಗಿತ್ತು. ‘ಮೊದಲಿನಂಗ ಇಲ್ಲರೀ’ ಎಂದು ಕೊರಗುವ ಒಂದು ಗುಂಪು, ‘ನಿಮ್ಮ ಕಣ್ಣಿಗೆ ಪೊರೆ ಬಂದೈತಿ’ ಎನ್ನುವ ಇನ್ನೊಂದು ಗುಂಪು. ಚಹಾ ಆರಿ ತಣ್ಣಗಾದರೂ ಜಗಳ ಆರುತ್ತಿರಲಿಲ್ಲ. ಆದರೆ ಈಚೆಗೆ ಕೊರಗುವವರು ಒಬ್ಬೊಬ್ಬರಾಗಿ ನನ್ನ ಕಡೆ ಬಂದರು. ಸಂಘದ ಹಿರಿಯ ಫಕ್ಕೀರೇಶಪ್ಪನಂಥ ಹಟಮಾರಿಯೂ ಬಂದ. ಕಡೆಗಾದರೂ ಬುದ್ಧಿ ಬಂತಲ್ಲ ಎಂದು ನಾನು ಬೀಗಿದ್ದೆ. ನಮ್ಮವರೊಬ್ಬರೇ ಆಚೆ ಉಳಿದರು.

ಆ ಭಾನುವಾರ ಅವರು ಎದ್ದು ನಿಂತು ಹೇಳಿದರು: “ಬಾವಿ ದೃಶ್ಯದಂಥಾದ್ದು ಮತ್ತ ಯಾರೂ ಮಾಡಿಲ್ಲ. ಕುದುರಿ ಬಾವ್ಯಾಗ ತನ್ನ ಮಾರಿ ನೋಡ್ಕೋತೈತಿ. ಒಂದು ಇಡೀ ನಿಮಿಷ ಏನೂ ಅಳ್ಳಾಡಂಗಿಲ್ಲ. ಹಂಗ ಸುಮ್ಮ ಇರಾಕ ಎದಿ ಬೇಕು.”

“ಒಂದು ನಿಮಿಷ ಎಲ್ಲೈತ್ರೀ!” ಎಂದು ಫಕ್ಕೀರೇಶಪ್ಪ ನಕ್ಕ. “ಸಾಕ್ಷಿ!”

ಎಲ್ಲರೂ ಕೂಗಿದರು. ಗೋಡೆ ಬೆಳಗಿತು. ಕುದುರೆ ಟಕಟಕನೆ ಬಂತು, ಬಾವಿಗೆ ಇಣುಕಿತು. ಒಳಗಿನಿಂದ ಕಪ್ಪೆಯೊಂದು ಏನೋ ತಮಾಷೆ ಮಾಡಿತು. ಕುದುರೆ ಹಲ್ಲುಕಿರಿದು ಮುಂದೆ ಹೋಯಿತು. ನಿಮಿಷವೂ ಇಲ್ಲ, ಮಣ್ಣೂ ಇಲ್ಲ. ಖೋಲಿಯೆಲ್ಲ ನಗು.

“ಹೋಗ್ಲಿ, ಯಾವ ಕಣ್ಣಿಲ್ಲ ಅದಕ್ಕ? ಅಷ್ಟರೆ ಹೇಳ್ರಿ,” ಎಂದೆ ನಾನು.

“ಎಡಗಣ್ಣು.”

ಗೋಡೆಯ ಮೇಲಿನ ಕುದುರೆಗೆ ಬಲಗಣ್ಣು ಇರಲಿಲ್ಲ.

“ಎಪ್ಪಾ ಶಿವನ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಇವರಿಗೆ ತಮ್ಮ ಹೆಗ್ಗಣದ ಗುರುತು ಸೈತ ಇಲ್ಲ!” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮವರು ಗೋಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. “ಕಸ್ತೂರಿ, ನಿನಗೂ ನೆನಪಿಲ್ಲೇನು?” ಎಂದು ಮೆಲ್ಲಗೆ ಕೇಳಿದರು. ನನ್ನ ನಗು ಅಲ್ಲೇ ನಿಂತಿತು.

ಮನೆಗೆ ಬಂದವರೇ ಔಷಧಿ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಪಟ್ಟಿ ತೆಗೆದು ಟೀವಿಯ ಕಣ್ಣಿಗೆ ಅಂಟಿಸಿದರು. ಪ್ರತಿ ಪರದೆಗೂ ಇರುವ ಆ ಕಣ್ಣಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಸ್ಟುಡಿಯೊದವರು ಕೆಲವು ವರ್ಷಗಳ ಹಿಂದೆ ‘ದರ್ಜಿ’ ಎಂಬ ಯಂತ್ರ ತಂದಿದ್ದರು. ಸಿನಿಮಾ ನೋಡುತ್ತಿರುವಾಗ ನಮ್ಮ ಕಣ್ಣಿನ ಪಾಪೆ ಹಿಗ್ಗುವುದು, ಕುಗ್ಗುವುದು, ಮುಖದ ಬಣ್ಣ, ನಾಡಿಯ ಬಡಿತ ಎಲ್ಲವನ್ನೂ ಅದು ನೋಡಿಕೊಂಡು, ಅವರವರಿಗೆ ಒಪ್ಪುವಂತೆ ಚಿತ್ರವನ್ನು ಆಚೀಚೆ ಮಾಡುತ್ತದೆ; ಹಲವರು ಕೂಡಿ ನೋಡುವಾಗ ಹೆಚ್ಚಿನವರಿಗೆ ಒಪ್ಪುವಂತೆ. ‘ರೆಡಿಮೇಡ್ ಅಲ್ಲ, ನಿಮ್ಮ ಅಳತೆಗೇ ಹೊಲಿದದ್ದು’ ಎಂದು ಜಾಹೀರಾತು. ಒಬ್ಬರಿಗೆ ಆಕಾಶ ತುಸು ಹೆಚ್ಚು ನೀಲಿ, ಇನ್ನೊಬ್ಬರಿಗೆ ಹಾಡು ತುಸು ಚಿಕ್ಕದು, ಅಷ್ಟೇ ಎಂದು ನಾವು ತಿಳಿದಿದ್ದೆವು.

“ಏನ್ ಮಾಡಾಕತ್ತೀರಿ?” ಎಂದೆ.

ಪಟ್ಟಿಯನ್ನು ಇನ್ನೊಮ್ಮೆ ಒತ್ತಿ ಕೈ ತೊಳೆಯಲು ಹೋದರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಕೇಳಿದರು: “ಆ ಕುದುರಿ ಸಿನಿಮಾ ಮೊದಲನೇ ಸಲ ಎಲ್ಲಿ ನೋಡಿದ್ದಿ?”

“ಟಾಕೀಜಿನ್ಯಾಗ. ಮತ್ತೆಲ್ಲಿ?”

“ಯಾರ ಜೋಡಿ?”

“ಗೆಳತ್ಯಾರ ಜೋಡಿ ಇರಬೇಕು. ಇಲ್ಲಾ ಒಬ್ಬಾಕಿನ ಹೋಗಿದ್ನೋ ಏನೋ. ಅದನ್ನ ಯಾರು ನೆನಪಿಟ್ಟಿರ್ತಾರ್ರೀ?”

ಅವರು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. ನಮ್ಮ ಮಾವನವರು ಕೊನೆಗಾಲದಲ್ಲಿ ಹೀಗೆಯೇ ಆಗಿದ್ದರು. ಮೊದಲು ಅಸಂಬದ್ಧ ಪ್ರಶ್ನೆ, ಆಮೇಲೆ ಸುಮ್ಮನೆ ನೋಡುವುದು, ಆಮೇಲೆ ಸ್ವಂತ ಮಗನಿಗೇ ‘ನೀವ್ಯಾರ್ರೀ?’ ಎನ್ನುವುದು. ಇವರೂ ಅದೇ ದಾರಿ ಹಿಡಿದರೇ ಎನಿಸಿತು. ಜಗಳವಾಡುವ ಗಂಡ ಬೇಕಾಗಿತ್ತು ನನಗೆ, ನನ್ನನ್ನು ಗುರುತಿಸುವ ಗಂಡ. ಅವರನ್ನು ಕಳೆದುಕೊಂಡರೆ ನಾನು ಯಾರ ಮೇಲೆ ಕೂಗಾಡಲಿ?

ಆಗ ನೆನಪಾದವಳು ನನ್ನ ತಂಗಿಯ ಮಗಳು ಸಂಯುಕ್ತಾ. ಉಣಕಲ್ಲಿನ ಆಚೆ ಇರುವ ಆ ಸ್ಟುಡಿಯೊದಲ್ಲೇ ಅವಳಿಗೆ ಕೆಲಸ, ದರ್ಜಿಯ ನಿಯಂತ್ರಣ ಕೋಣೆಯಲ್ಲಿ. ವಿಚಿತ್ರವೆಂದರೆ ಹುಡುಗಿಗೆ ಕಾರ್ಟೂನ್ ಕಂಡರಾಗದು. ಒಂದನ್ನೂ ನೋಡಿದವಳಲ್ಲ. ಫೋನು ಮಾಡಿ ದೊಡ್ಡಪ್ಪನ ಮರೆವಿನ ಸುದ್ದಿ ಹೇಳಿದೆ. ಕುದುರೆ, ಬಾವಿ, ಎಡಗಣ್ಣು ಎಂದ ಕೂಡಲೇ ಅವಳು ನನ್ನ ಮಾತು ತಡೆದಳು.

“ದೊಡ್ಡವ್ವ, ನೀ ಇಲ್ಲೇ ಬಾ. ಫೋನಿನ್ಯಾಗ ಬ್ಯಾಡ,” ಎಂದಳು.

ಮರುದಿನ ಶಾಲೆಗೆ ರಜೆ ಹಾಕಿ ಹೋದೆ. ನಿಯಂತ್ರಣ ಕೋಣೆ ಎಂದರೆ ಏನೇನೋ ಊಹಿಸಿಕೊಂಡಿದ್ದೆ. ಒಂದು ದೊಡ್ಡ ಗೋಡೆ, ನಾಲ್ಕು ಕುರ್ಚಿ, ಎಸಿಯ ಚಳಿ, ಅಷ್ಟೇ. ಗೋಡೆಯ ಮೇಲೆ ಹುಬ್ಬಳ್ಳಿ-ಧಾರವಾಡದ ನಕ್ಷೆ. ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಬಹುತೇಕ ಎಲ್ಲ ನೀಲಿ. ಅಲ್ಲೊಂದು ಇಲ್ಲೊಂದು ಮಾತ್ರ ಕೆಂಡದ ಬಣ್ಣದವು.

“ಒಂದು ಚುಕ್ಕಿ ಅಂದ್ರ ಒಬ್ಬರು ನೋಡಾವ್ರು,” ಎಂದಳು ಸಂಯುಕ್ತಾ. “ನೀಲಿ ಅಂದ್ರ ಖುಷಿಯಾಗ್ಯಾರ. ಕೆಂಪು ಅಂದ್ರ ಹೊಸಾ ಸಿನಿಮಾ ಸೇರಿಲ್ಲ, ‘ಮೊದಲಿನಂಗ ಇಲ್ಲ’ ಅಂತ ಗೊಣಗಾಕತ್ತಾರ. ದರ್ಜಿಗೆ ನಾವು ಹೇಳಿದ್ದು ಒಂದ ಮಾತು. ಕೆಂಪನ್ನ ಕಡಿಮಿ ಮಾಡು ಅಂತ.”

“ಅದಕ್ಕ ಹೊಸಾ ಸಿನಿಮಾ ಛಲೋ ಮಾಡತೈತಿ. ತಪ್ಪೇನೈತಿ?”

“ಮೊದಲು ಹಂಗ ಮಾಡ್ತು. ಆದ್ರ ಕೆಂಪು ಕಡಿಮಿ ಆಗಲಿಲ್ಲ. ಯಾಕಂದ್ರ ಈ ಮಂದಿ ಹೊಸಾದನ್ನ ಅಳಿಯೂದು ಹಳೇದರ ಅಳತಿಯಿಂದ. ಹಳೇದು ಅವರ ತಲಿಯೊಳಗ ಬಂಗಾರ ಆಗಿ ಕುಂತೈತಿ. ಕಡೀಕ ದರ್ಜಿ ಸಸಾರದ ಹಾದಿ ಹುಡುಕಿಕೊಂತು. ಹೊಸಾದನ್ನ ಎತ್ತೂದಕ್ಕಿಂತ ಹಳೇದನ್ನ ಇಳಿಸೂದು ಹಗುರ.”

ನನಗೆ ಅರ್ಥವಾಗಲಿಲ್ಲ. ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ನೆನಪು ಎನ್ನುವುದು ಕಲ್ಲಿನಲ್ಲಿ ಕೊರೆದದ್ದಲ್ಲವಂತೆ, ಬೆಲ್ಲದ ಅಚ್ಚಿನಂತೆ. ಪ್ರತಿ ಸಲ ನೆನೆಸಿಕೊಂಡಾಗಲೂ ಅದು ತುಸು ಕರಗಿ ಮತ್ತೆ ಗಟ್ಟಿಯಾಗುತ್ತದೆ. ಕರಗಿದ ಗಳಿಗೆಯಲ್ಲಿ ಏನು ಬಿದ್ದರೂ ಒಳಗೇ ಉಳಿಯುತ್ತದೆ. ಹಳೆಯ ಸಿನಿಮಾವನ್ನು ಮತ್ತೆ ಹಾಕಿಕೊಂಡು ನೋಡುವವನ ನೆನಪು ಪೂರ್ತಿ ಕರಗಿರುತ್ತದೆ. ಆಗ ದರ್ಜಿ ಒಂದೊಂದು ಹೊಲಿಗೆ ಹಾಕುತ್ತದೆ. ಈ ಸಲ ಬಣ್ಣ ತುಸು ಮಂಕು, ಮುಂದಿನ ಸಲ ಮೌನ ತುಸು ಮೊಟಕು, ಅದರ ಮುಂದಿನ ಸಲ ಒಂದು ಕಪ್ಪೆ. ನೋಡಿದವನು ‘ಇದು ಇದ್ದದ್ದೇ ಹೀಗೆ’ ಎನ್ನುತ್ತಾನೆ.

“ಮತ್ತ ಮತ್ತ ನೋಡಿದವ್ರು ಬೇಗ ನೀಲಿ ಆಗ್ತಾರ,” ಎಂದಳು. “ನಿಮ್ಮ ಸಂಘ ಎಲ್ಲಾರಕಿಂತ ಮೊದಲ ಆತು. ನೀವು ಸಾಕ್ಷಿ ಅಂತ ಒದರಿ ಒದರಿ ಹಾಕಿಸ್ತಿದ್ರಲ್ಲ.”

ಸಾಕ್ಷಿ ಹಾಕಿಸಿದ್ದರಲ್ಲಿ ಹೆಚ್ಚಿನ ಪಾಲು ನನ್ನದೇ. “ನಿಮ್ಮ ದೊಡ್ಡವ್ರಿಗೆ ಹೇಳಿಲ್ಲೇನ?”

“ಹೇಳಿದೆ. ನಕ್ರು. ಅವರೂ ದಿನಾ ನೋಡ್ತಾರಲ್ಲ, ಅವರ ಚುಕ್ಕಿನೂ ನೀಲಿನ. ಹಳೇ ಪ್ರತಿ ತಗೀರಿ ಅಂದ್ರ, ಇದ ಹಳೇ ಪ್ರತಿ ಅಂತಾರ. ಮೂಲ ಯಾವುದು ಅನ್ನೂದು ಅಲ್ಲಿ ಯಾರಿಗೂ ಗೊತ್ತಿಲ್ಲ.”

“ಅದೆಲ್ಲಾ ಹಾಳಾಗಿಹೋಗ್ಲಿ. ನಿಮ್ಮ ದೊಡ್ಡಪ್ಪನ್ನ ಹೆಂಗರೆ ಮಾಡಿ ಉಳಿಸು,” ಎಂದೆ. “ಅವರ ನೆನಪೆಲ್ಲಾ ತಿಂದು ಹಾಕೇತಿ ಆ ಯಂತ್ರ.”

ಸಂಯುಕ್ತಾ ನನ್ನ ಕೈ ಹಿಡಿದಳು. ನಕ್ಷೆಯನ್ನು ಹಿಗ್ಗಿಸಿ ನಮ್ಮ ಓಣಿ, ನಮ್ಮ ಮನೆ ತೋರಿಸಿದಳು. ಅಲ್ಲಿ ಎರಡು ಚುಕ್ಕೆಗಳಿದ್ದವು. ಒಂದು ಕಡುನೀಲಿ, ಇನ್ನೊಂದು ಕೆಂಪು.

“ಈ ಕೆಂಪು ದೊಡ್ಡಪ್ಪ. ಹೋದ ಶ್ರಾವಣದ ತನಕ ಅವರು ನೀಲಿನ ಇದ್ರು. ಎಂದೂ ಗೊಣಗಿದವ್ರಲ್ಲ. ಹಿಂಗಾಗಿ ದರ್ಜಿ ಅವರನ್ನ ಮುಟ್ಟೇ ಇಲ್ಲ. ಅವರು ಕೆಂಪಾಗಿದ್ದು ಈಗೀಗ.”

“ಮತ್ತ ಆ ಕಡುನೀಲಿ?”

“ಅದು ನೀನು, ದೊಡ್ಡವ್ವ. ಊರಾಗೆಲ್ಲಾ ಜಾಸ್ತಿ ಕೆಂಪಿದ್ದ ಚುಕ್ಕಿ ನಿಂದಾಗಿತ್ತು. ಭಾಳ ದಿನಾ ಹಿಡೀತು. ಈಗ ಹೊಲಿಗಿ ಮುಗದೈತಿ.”

ನಾನು ಸಿಟ್ಟಿನಿಂದ ಎದ್ದು ನಿಂತೆ. ಏನು ಮಾತು ಇದು! ಆರನೆಯ ಸಿನಿಮಾ ಬಂದಾಗಿನಿಂದ ನಾನು ಅದರ ಕಡೆಯವಳು. ಮೊದಲನೆಯದು ನನಗೆ ಎಂದೂ ಸೇರಿದ್ದಿಲ್ಲ. ನನ್ನ ಮನಸ್ಸು ನನಗೆ ಗೊತ್ತಿಲ್ಲವೇ? ಹೀಗೆಲ್ಲ ಬಾಯಿಗೆ ಬಂದಂತೆ ಬೈದೆ. ಹುಡುಗಿ ಅಳುತ್ತ ಒಂದೇ ಮಾತು ಹೇಳಿದಳು: “ಬಾವಿ ದೃಶ್ಯ ಬಂದಾಗೆಲ್ಲಾ ನಿನ್ನ ನಾಡಿ ಓಡ್ತಿತ್ತು. ಬ್ಯಾರೆ ಯಾರದೂ ಅಷ್ಟು ಓಡ್ತಿರಲಿಲ್ಲ. ಅದು ಕುದುರಿ ಸಲುವಾಗಿ ಓಡತೈತೋ ಬ್ಯಾರೆ ಏನರೆ ನೆನಪಾಗಿ ಓಡತೈತೋ, ದರ್ಜಿಗೆ ಹೆಂಗ ತಿಳೀಬೇಕು? ಓಡೂದು ನಿಲ್ಲೂತನಕ ಒತ್ತಿಕೊಂತ ಹೋತು. ದೊಡ್ಡಪ್ಪನ್ನ ಕೇಳು.”

ಮನೆಗೆ ಹೇಗೆ ಬಂದೆನೋ ತಿಳಿಯದು. ನಮ್ಮವರು ಅಂಗಡಿ ಬೇಗ ಮುಚ್ಚಿ ಬಂದಿದ್ದರು. ಸಂಯುಕ್ತಾ ಅವರಿಗೆ ಫೋನು ಮಾಡಿರಬೇಕು. ತಮ್ಮ ಹಳೆಯ ಫೋನನ್ನು ಮೇಜಿನ ಮೇಲಿಟ್ಟರು. “ಕಾಲೇಜಿನ ರೇಡಿಯೊದಾಗ ಒಮ್ಮೆ ನಮ್ಮ ಸಂಘದವರನ್ನ ಕರದು ಮಾತಾಡಿಸಿದ್ರು. ಭಾಳ ಹಿಂದ. ಕೇಳು,” ಎಂದು ಗುಂಡಿ ಒತ್ತಿದರು.

ನನ್ನದೇ ದನಿ. ಈಗಿನದಕ್ಕಿಂತ ಎಳೆಯದು, ಇನ್ನೂ ಜೋರು.

“ಹೇಳ್ತೀನಿ ಕೇಳ್ರಿ. ಆರನೇದರಾಗ ಬಣ್ಣ ಬಿಟ್ರ ಏನೈತಿ? ಮಣ್ಣು! ಮೊದಲಿನ ಸಿನಿಮಾದ ಒಂದು ಬಾವಿಗೆ ಅದು ಸಮ ಅಲ್ಲ. ಎಡಗಣ್ಣಿಲ್ಲದ ಕುದುರಿ ಬಾವ್ಯಾಗ ನೋಡ್ತು, ಇಡೀ ಟಾಕೀಜ್ ಗಪ್ ಆತು. ನನ್ನ ಬಾಜೂಕ ಗುರ್ತಿಲ್ಲದ ಹುಡುಗ ಒಬ್ಬ ಶೇಂಗಾ ತಿನ್ನಾಕತ್ತಿದ್ದ. ಅವನ ಕೈ ಅಲ್ಲೇ ನಿಂತುಬಿಡ್ತು. ಹೊರಗ ಬಂದ ಮ್ಯಾಲೆ ಅವ ಅಂತಾನ, ಬರೇ ಬೋರು ಅಂತ! ಸುಳ್ಳ! ಮತ್ತ ಕೈ ಯಾಕ ನಿಂತಿತ್ತೋ ಅಂತ ನಾ ಅಲ್ಲೇ ಜಗಳಾ ತಗದೆ. ಹಸಿರು ಸೀರಿ ಉಟ್ಕೊಂಡು, ಮುಂದಿನ ಆಟದ ಗಂಡಸರ ಪಾಳಿಯೊಳಗ ನಿಂತು! ನಮ್ಮಪ್ಪ ಆ ಹುಡುಗ ಬ್ಯಾಡ ಅಂದ. ಊಟಾ ಬಿಟ್ಟು ಕುಂತೆ. ಮಾಡ್ಕೊಂಡ್ರ ಅವನ್ನ, ಇಲ್ಲಾಂದ್ರ ಇಲ್ಲ ಅಂದೆ. ನೋಡ್ರಿ, ಇಲ್ಲೇ ಕುಂತಾನ ಆ ಶೇಂಗಾ! ಇನ್ನೂ ಸುಳ್ಳು ಹೇಳ್ತಾನ!”

ಆಮೇಲೆ ಬಹಳ ಜನರ ನಗು. ಅದರ ನಡುವೆ ನನ್ನ ನಗುವೂ.

ನಾನು ಕೇಳಿಸಿಕೊಂಡೆ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳ ಕಥೆ ಕೇಳಿದಂತಿತ್ತು. ಒಳಗೆಲ್ಲ ಹುಡುಕಿದೆ. ಟಾಕೀಜು ಇತ್ತು, ಸಿನಿಮಾ ಇತ್ತು, ಕಪ್ಪೆ ಇತ್ತು. ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಹಿರಿಯರು ನೋಡಿದರು, ಒಪ್ಪಿದರು, ಆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.

“ರೀ,” ಎಂದೆ. “ನನಗ ಏನೂ ನೆನಪಿಗೆ ಬರವಲ್ದು. ಏನೂ ಇಲ್ಲರೀ ಒಳಗ.” ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರೂ ಪಕ್ಕದಲ್ಲಿ ಕೂತರು.

“ಹೋದ ಶ್ರಾವಣದಾಗ ಒಂದಿನ ಜಗಳಾ ಮಾಡೂಣು ಅಂತ ಮೊದಲಿನ ಸಿನಿಮಾ ಬೋರು ಅಂದೆ,” ಎಂದರು. “ನೀ ‘ಹೌದು’ ಅಂದಿ. ತಮಾಷಿ ಮಾಡಾಕತ್ತಿ ಅಂದ್ಕೊಂಡೆ. ಮರುದಿನನೂ ಹೌದು ಅಂದಿ. ಆಮ್ಯಾಲೆ ಟಾಕೀಜಿನ ಮಾತು ತಗದ್ರ ಗೆಳತ್ಯಾರ ಜೋಡಿ ಹೋಗಿದ್ದೆ ಅಂದಿ.”

“ಅದಕ್ಕ ನನ್ನ ಮಾತನ್ನ ನೀವು ಹಿಡಕೊಂಡ್ರಿ?”

“ಮನ್ಯಾಗ ಯಾರರೆ ಒಬ್ಬರು ಹೇಳಬೇಕಲ್ಲ. ನೀ ಬಿಟ್ಟಿ, ನಾ ಹಿಡಕೊಂಡೆ. ಹೇಳಿಕೋತ ಇದ್ರ ನಿನಗ ಸಿಟ್ಟು ಬಂದು ನೆನಪರೆ ಆದೀತು ಅಂತ.” ಕನ್ನಡಕ ತೆಗೆದು ಒರೆಸಿಕೊಂಡರು. “ಆದ್ರ ನಾ ಆ ಸಿನಿಮಾ ಎಂದೂ ಮೆಚ್ಚಿದಾವಲ್ಲ ಕಸ್ತೂರಿ. ನನ್ನ ಹತ್ರ ಇರೂದೆಲ್ಲಾ ನಿನ್ನ ಕೂಡ ಜಗಳಾಡಿ ಜಗಳಾಡಿ ಕೇಳಿದ್ದು ಅಷ್ಟ.”

ಆಗ ನನಗೆ ಇನ್ನೊಂದು ಹೊಳೆಯಿತು. ಹೊಳೆಯಬಾರದಿತ್ತು. ನನ್ನ ಮಾತು ಹಿಡಿದ ತಪ್ಪಿಗೇ ಅವರ ಚುಕ್ಕೆ ಕೆಂಪಾಗಿತ್ತು. ಈಗ ದರ್ಜಿಗೆ ಹುಬ್ಬಳ್ಳಿಯಲ್ಲಿ ಉಳಿದ ಕೆಲಸವೆಂದರೆ ಇಂಥ ಕೆಲವರದ್ದೇ.

ಅಂದೇ ಸಂಘಕ್ಕೆ ಹೋಗುವುದನ್ನು ಬಿಟ್ಟೆವು. ಟೀವಿಯನ್ನು ಅಟ್ಟಕ್ಕೆ ಹಾಕಿದೆವು. ಫಕ್ಕೀರೇಶಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ; ‘ಸಾಕ್ಷಿ ತೋರ್ಸ್ರಿ’ ಎಂದು ನಕ್ಕ. ಆದರೆ ಊರನ್ನು ಅಟ್ಟಕ್ಕೆ ಹಾಕಲು ಬರುತ್ತದೆಯೇ? ನಮ್ಮವರ ಅಂಗಡಿಯ ಎದುರಿಗೇ ಬಟ್ಟೆ ಅಂಗಡಿ. ಅದರ ಗೋಡೆಯ ತುಂಬ ಪರದೆ, ಪರದೆಯ ನೆತ್ತಿಗೆ ಕಣ್ಣು. ಗಿರಾಕಿಗಳು ನಿಲ್ಲಲಿ ಎಂದು ಅವರು ದಿನವಿಡೀ ಹಾಕುವುದು ಮಿಣುಕುಹುಳದ ಸಿನಿಮಾಗಳನ್ನೇ. ‘ಆ ಕಡೆ ಬೆನ್ನು ಮಾಡಿ ಕುಂದರ್ರಿ’ ಎಂದು ದಿನವೂ ಹೇಳಿ ಕಳಿಸುತ್ತೇನೆ. ಹೂಂ ಎನ್ನುತ್ತಾರೆ. ಆದರೆ ಕುದುರೆಯ ಸಪ್ಪಳ ಕೇಳಿದರೆ ಕುತ್ತಿಗೆ ತಾನಾಗಿಯೇ ತಿರುಗುತ್ತದಂತೆ.

ಈಗ ಪ್ರತಿ ಸಂಜೆ ಮಾಳಿಗೆಯ ಮೇಲೆ ಕೂರುತ್ತೇವೆ. ಅವರು ಟಾಕೀಜಿನ ಆ ದಿನದ ಕಥೆ ಹೇಳುತ್ತಾರೆ, ನಾನು ಅಡ್ಡ ಪ್ರಶ್ನೆ ಹಾಕುತ್ತೇನೆ. ನನಗೆ ನೆನಪಾಗುವುದಿಲ್ಲ, ಆದರೆ ಕೇಳಲು ಹಿತವೆನಿಸುತ್ತದೆ. ಹಸಿರು ಸೀರೆಯ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚೂ ಆಗುತ್ತದೆ. ಹೊಸದಾಗಿ ಗುರುತಾದವಳ ಹಾಗೆ ಅವರ ಮಾತಿಗಾಗಿ ಕಾಯುತ್ತೇನೆ. ಈ ಇಳಿವಯಸ್ಸಿನಲ್ಲಿ ನನಗೆ ಇದೆಂಥ ನಾಚಿಕೆ ಎಂದು ನಗುವೂ ಬರುತ್ತದೆ.

ನಿನ್ನೆಯೂ ಹೇಳುತ್ತಿದ್ದರು. ಶೇಂಗಾ ಬಂತು, ಪಾಳಿ ಬಂತು, ಜಗಳ ಬಂತು.

“ಎಲ್ಲಾರೂ ನಿನ್ನ ಕಡೆನ ನೋಡಾಕತ್ತಿದ್ರು,” ಎಂದರು. “ಏನ್ ಧೈರ್ಯ ಮಾರಾಯ್ತಿ ನಿಂದು! ಆ ಕೆಂಪು ಸೀರಿ ಉಟ್ಕೊಂಡು...”

ನಾನು ಅವರ ಮುಖ ನೋಡಿದೆ. ಅವರು ಹಾಯಾಗಿ ನಗುತ್ತಿದ್ದರು. ಮುಂದಿನದನ್ನು ಹೇಳುತ್ತಲೇ ಹೋದರು. ನಾನು ತಿದ್ದಲಿಲ್ಲ. ಅಲ್ಲರೀ, ಗಂಡಸರಿಗೆ ಸೀರೆಯ ಬಣ್ಣ ಎಂದಾದರೂ ನೆನಪಿರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾರ ಗಂಡನಿಗೂ ನೆನಪಿರುವುದಿಲ್ಲ.